ಹಳೆಯ ಗಣಿ ನೋಡಬೇಕು, ಯಾವುದಕ್ಕೆ ಹೋಗಲಿ? ಐದು ಬೋಳು ಬೆಟ್ಟಗಳ ಹೋಲಿಕೆ

ಹಳೆಯ ಕೋಟೆ ನೋಡೋಕೆ ಹೊರಟರೆ ಯಾರೂ ಏನೂ ಅನ್ನುವುದಿಲ್ಲ. ಹಳೆಯ ಗಣಿ ನೋಡೋಕೆ ಹೊರಟೆ ಅಂದರೆ ಮನೆಯವರೇ ಒಂದು ಥರಾ ಮುಖ ನೋಡುತ್ತಾರೆ. ಆದರೂ ಕೇಳುವವರು ಇದ್ದಾರೆ. ದುಬೈನಲ್ಲಿರುವ ಸ್ನೇಹಿತ ಮೊನ್ನೆ ಫೋನ್ ಮಾಡಿದ್ದ. "ಜೋರ್ಡನ್‌ಗೆ ಹೋಗ್ತಿದ್ದೀನಿ, ಪೆಟ್ರಾ ಆದ್ಮೇಲೆ ಎರಡು ದಿನ ಉಳಿಯುತ್ತೆ. ಅಲ್ಲೇ ತಾಮ್ರದ ಗಣಿ ನೋಡ್ಲಾ, ಇಲ್ಲ ಗಡಿ ದಾಟಿ ತಿಮ್ನಾಕ್ಕೆ ಹೋಗ್ಲಾ?" ಅದೇ ವಾರ ಧಾರವಾಡದ ಇತಿಹಾಸದ ಮೇಷ್ಟ್ರೊಬ್ಬರು ಕೇಳಿದರು: "ಪಾಸ್‌ಪೋರ್ಟೇ ಮಾಡಿಸಿಲ್ರೀ, ನಮಗೇನರ ಐತೇನು?" ಇಬ್ಬರಿಗೂ ಸೇರಿಸಿ ಉತ್ತರ ಬರೆಯುತ್ತಿದ್ದೇನೆ.

ಹೋಲಿಕೆಗೆ ಐದು ಜಾಗ ತೆಗೆದುಕೊಂಡಿದ್ದೇನೆ. ಇಸ್ರೇಲಿನ ತಿಮ್ನಾ, ಜೋರ್ಡನ್‌ನ ಫೈನಾನ್, ಒಮಾನಿನ ಹಜರ್ ಬೆಟ್ಟಗಳು, ಈಜಿಪ್ಟಿನ ಸೈನಾಯ್‌ನಲ್ಲಿರುವ ಸೆರಾಬಿತ್ ಅಲ್ ಖಾದಿಮ್, ಕೊನೆಗೆ ರಾಜಸ್ಥಾನದ ಜಾವರ್. ಜಾವರ್ ಮರುಭೂಮಿಯಲ್ಲ, ಅರಾವಳಿಯ ಕುರುಚಲು ಗುಡ್ಡ. ಮೇಷ್ಟ್ರಿಗೋಸ್ಕರ ಅದನ್ನೂ ಸೇರಿಸಿದ್ದೇನೆ.

ಯಾವುದನ್ನು ನೋಡಿ ಆರಿಸಬೇಕು?

ಹೆಚ್ಚಿನವರು ಸುರಂಗ ಎಷ್ಟು ಉದ್ದ, ಒಳಗೆ ಬಿಡುತ್ತಾರಾ ಅಂತ ಕೇಳುತ್ತಾರೆ. ನಾನು ಮೊದಲು ಕೇಳುವುದು ಕಿಟ್ಟ ಎಲ್ಲಿದೆ ಅಂತ. ಅದಿರು ಕರಗಿಸಿದ ಮೇಲೆ ಉಳಿಯುವ ಆ ಕಪ್ಪು ಗಾಜಿನಂಥ ಕಸ. ಗಣಿ ಅಂದರೆ ಒಂದು ತೂತು ಮಾತ್ರ. ಯಾವ ಕಾಲದ್ದು, ಯಾರು ಕೊರೆದರು ಅಂತ ತೂತು ಹೇಳುವುದಿಲ್ಲ. ಮುಂದೆ ಬಂದವರು ಅದನ್ನೇ ಅಗಲ ಮಾಡಿ ಹಳೆ ಗುರುತನ್ನೂ ಅಳಿಸಿರುತ್ತಾರೆ. ಕಿಟ್ಟದ ರಾಶಿ ಹಾಗಲ್ಲ. ಅದರೊಳಗೆ ಇದ್ದಿಲು ಸಿಕ್ಕಿಕೊಂಡಿರುತ್ತದೆ, ಕೆಲಸಗಾರರು ತಿಂದು ಉಗಿದ ಖರ್ಜೂರದ ಬೀಜ ಇರುತ್ತದೆ. ಕಾಲ ಗೊತ್ತುಮಾಡುವ ಕಾರ್ಬನ್-14 ಪರೀಕ್ಷೆಗೆ ಅಷ್ಟು ಸಾಕು. ತಿದಿಯ ಮಣ್ಣಿನ ಮೂತಿ, ಒಡೆದ ಮೂಸೆ, ಕುಲುಮೆಯ ಗೋಡೆಯ ಚೂರು ಎಲ್ಲವೂ ಅಲ್ಲೇ ಬಿದ್ದಿರುತ್ತವೆ.

ಹಾಗಾಗಿ ಮೊದಲನೇ ಅಳತೆಗೋಲು ಇದು: ಅದಿರು ತೆಗೆದ ಜಾಗ, ಕರಗಿಸಿದ ಜಾಗ, ಜನ ಬದುಕಿದ ಜಾಗ, ಮೂರೂ ಒಂದೇ ನಡಿಗೆಯಲ್ಲಿ ಸಿಗುತ್ತವಾ? ಎರಡನೆಯದು, ಅಲ್ಲಿ ಸರ್ವೆ ಎಷ್ಟು ಆಗಿದೆ? ಸರ್ವೆ ಅಂದರೆ ಅಗೆತವಲ್ಲ. ಸಾಲಾಗಿ ನಿಂತು, ನೆಲ ನೋಡುತ್ತಾ ಕಣಿವೆ ಪೂರ್ತಿ ನಡೆದು, ಸಿಕ್ಕ ಪ್ರತಿ ಗುಂಡಿ, ಗೋಡೆ, ಮಡಕೆ ಚೂರನ್ನು ನಕ್ಷೆಗೆ ಏರಿಸುವ ಕೆಲಸ. ಅದು ಆಗದ ಕಡೆ ನಮ್ಮಂಥವರಿಗೆ ಕಾಣುವುದು ಕಲ್ಲು ಮಾತ್ರ. ಆಮೇಲೆ ಬರುವುದು ಕಾಲಿನ ಶಕ್ತಿ, ಕೈಯಲ್ಲಿರುವ ದುಡ್ಡು, ವೀಸಾ. ಮಕ್ಕಳು ಜೊತೆಗಿದ್ದರೆ ಅದೇ ಮೊದಲ ಅಳತೆಗೋಲು. ಮೂರು ಸಾವಿರ ವರ್ಷದ ಹಳೆ ಬಾವಿಗಳಿಗೆ ಯಾರೂ ಬೇಲಿ ಹಾಕಿರುವುದಿಲ್ಲ.

ತಿಮ್ನಾ: ಎಲ್ಲ ಅಚ್ಚುಕಟ್ಟು, ಕಥೆಯೂ ದೊಡ್ಡದು

ಕೆಂಪು ಸಮುದ್ರದ ತುದಿಯ ಐಲಾತ್ ಊರಿನಿಂದ ಉತ್ತರಕ್ಕೆ ಅರ್ಧ ಗಂಟೆ ಕಾರಿನಲ್ಲಿ ಹೋದರೆ ತಿಮ್ನಾ ಸಿಗುತ್ತದೆ. ಈಗ ಅದೊಂದು ಪಾರ್ಕ್. ಟಿಕೆಟ್ ಇದೆ, ಡಾಂಬರು ರಸ್ತೆ ಇದೆ, ಫಲಕಗಳಿವೆ, ಮಕ್ಕಳಿಗೆ ಆಟದ ಕೆರೆಯೂ ಇದೆ. ಹಳೆಯ ಗಣಿಯ ಕೆಲವು ಸುರಂಗಗಳಲ್ಲಿ ಬಗ್ಗಿಕೊಂಡು, ತೆವಳಿಕೊಂಡು ನುಗ್ಗಬಹುದು. ಸುಣ್ಣದ ಹಾಗೆ ಬಿಳಿಯಾಗಿರುವ ಮರಳುಗಲ್ಲಿನಲ್ಲಿ ಹಸಿರು ಮಲಕೈಟಿನ, ಅಂದರೆ ತಾಮ್ರದ ಅದಿರಿನ, ಗುಂಡುಗಳು ಕಣ್ಣಿಗೇ ಕಾಣುತ್ತವೆ. ಎತ್ತರದಿಂದ ನೋಡಿದರೆ ಬಯಲು ತುಂಬ ತಟ್ಟೆ ಮಗುಚಿಟ್ಟ ಹಾಗೆ ದುಂಡನೆಯ ಗುರುತುಗಳು. ಅವೆಲ್ಲ ಮರಳು ತುಂಬಿಕೊಂಡ ಗಣಿ ಬಾವಿಗಳು, ಸಾವಿರಾರು.

ನಾನು ತಿಮ್ನಾವನ್ನು ಮೆಚ್ಚುವುದು ಅಲ್ಲಿನ ಸರ್ವೆಗಳ ಜಗಳಕ್ಕೆ. ಅಮೆರಿಕದ ಪುರಾತತ್ವಜ್ಞ ನೆಲ್ಸನ್ ಗ್ಲೂಕ್ 1930ರ ದಶಕದಲ್ಲಿ ಈ ಕಣಿವೆ ಸುತ್ತಿ, ಮಡಕೆ ಚೂರು ನೋಡಿ, ಇದು ಬೈಬಲ್ಲಿನ ಸೊಲೊಮನ್ ರಾಜನ ಕಾಲದ್ದು ಅಂದರು. ಒಂದು ದಿಬ್ಬದ ಸುತ್ತ ಗೋಡೆ ಕಂಡದ್ದಕ್ಕೆ, ಗುಲಾಮರು ಓಡಿಹೋಗದಿರಲಿ ಅಂತ ಕಟ್ಟಿದ್ದು ಅಂದರು. ಅದಕ್ಕೆ 'ಗುಲಾಮರ ದಿಬ್ಬ' ಅನ್ನುವ ಹೆಸರು ನಿಂತೇಬಿಟ್ಟಿತು. 1959ರಿಂದ ಬೆನೊ ರೊಥೆನ್‌ಬರ್ಗ್ ಮತ್ತೆ ಸರ್ವೆ ಶುರು ಮಾಡಿದರು. 1969ರಲ್ಲಿ ಕೆಂಪು ಬಂಡೆಗಳ ಬುಡದಲ್ಲಿ ಈಜಿಪ್ಟಿನ ಹಾಥೊರ್ ದೇವಿಯ ಸಣ್ಣ ಗುಡಿ ಸಿಕ್ಕಿತು. ಫೇರೋಗಳ ಹೆಸರು ಕೆತ್ತಿದ ವಸ್ತುಗಳು, ತಲೆಗೆ ಚಿನ್ನದ ತಗಡು ಸುತ್ತಿದ ಒಂದು ತಾಮ್ರದ ಹಾವು. ಅಷ್ಟಕ್ಕೆ ಸೊಲೊಮನ್ ಕಥೆ ಹೋಯಿತು, ಈಜಿಪ್ಟಿನವರ ಕಥೆ ಬಂತು. ಪಠ್ಯಗಳೂ ಬದಲಾದವು.

ಆಮೇಲೆ ಎರೆಜ್ ಬೆನ್-ಯೊಸೆಫ್ ಅವರ ತಂಡ ಬಂತು, ಟೆಲ್ ಅವೀವ್ ವಿಶ್ವವಿದ್ಯಾಲಯದ್ದು. ಅದೇ ಗುಲಾಮರ ದಿಬ್ಬದಲ್ಲಿ ಅಗೆದು, ಬೀಜ, ಇದ್ದಿಲುಗಳನ್ನು ಕಾರ್ಬನ್-14ಕ್ಕೆ ಕಳಿಸಿದರು. ಬಂದ ಉತ್ತರ ಹೆಚ್ಚುಕಮ್ಮಿ ಕ್ರಿ.ಪೂ. 10ನೇ ಶತಮಾನ. ಈಜಿಪ್ಟಿನವರು ಬಿಟ್ಟು ಹೋದ ಮೇಲೇ ಕೆಲಸ ಜೋರಾಗಿತ್ತು! ಗುಲಾಮರ ಕಥೆಯೂ ಬಿದ್ದುಹೋಯಿತು. ಕುಲುಮೆಯ ಬಳಿ ಕೂತವರು ತಿಂದದ್ದು ಕುರಿ, ಮೇಕೆಯ ಒಳ್ಳೊಳ್ಳೆ ಭಾಗದ ಮಾಂಸ, ದೂರದ ಮೆಡಿಟರೇನಿಯನ್ ಸಮುದ್ರದಿಂದ ತರಿಸಿದ ಮೀನು. ಸಮುದ್ರದ ಬಸವನಹುಳುವಿನಿಂದ ತೆಗೆದ ನೇರಳೆ ಬಣ್ಣ ಹಾಕಿದ ಬಟ್ಟೆಯ ಚೂರುಗಳೂ ಸಿಕ್ಕವು. ಅದು ರಾಜರು ಉಡುತ್ತಿದ್ದ ಬಣ್ಣ. ತಾಮ್ರ ಕರಗಿಸಲು ಬಲ್ಲವನಿಗೆ ಆ ಕಾಲದಲ್ಲಿ ಇದ್ದ ಬೆಲೆ ನೋಡಿ. ಈ ಗಣಿಗಳ ಒಡೆಯರು ಯಾರು ಅನ್ನುವ ವಾದ ಮಾತ್ರ ಇನ್ನೂ ಮುಗಿದಿಲ್ಲ.

ಒಂದೇ ದಿಬ್ಬ, ಮೂರು ಸಲ ಓದಿದರು, ಮೂರು ಉತ್ತರ. ಇದನ್ನು ತಲೆಯಲ್ಲಿಟ್ಟುಕೊಂಡು ಹೋದರೆ ಫಲಕ ಓದುವ ಖುಷಿಯೇ ಬೇರೆ.

ಕೊರತೆ ಏನು? ಎಲ್ಲ ಜೋಡಿಸಿಟ್ಟಂತಿದೆ. ಅಣಬೆ ಆಕಾರದ ಬಂಡೆ, ಕಮಾನು ಬಂಡೆ ಅಂತ ಫೋಟೊ ತೆಗೆಯುವವರೇ ಜಾಸ್ತಿ. ಖರ್ಚೂ ಕಮ್ಮಿಯಲ್ಲ. ವೀಸಾ, ಗಡಿ, ಅಲ್ಲಿನ ಪರಿಸ್ಥಿತಿ ಎಲ್ಲ ನೋಡಿಕೊಂಡೇ ಟಿಕೆಟ್ ಮಾಡಿಸಬೇಕು.

ಫೈನಾನ್: ಕಾಲು ಗಟ್ಟಿ ಇದ್ದವರಿಗೆ

ತಿಮ್ನಾದಿಂದ ಉತ್ತರಕ್ಕೆ ನೂರು ಕಿಲೋಮೀಟರ್ ಆಸುಪಾಸಿನಲ್ಲಿ, ಅದೇ ಅರಬಾ ಕಣಿವೆಯ ಆಚೆ ದಂಡೆಯಲ್ಲಿ ಫೈನಾನ್ ಇದೆ. ತಮಾಷೆ ಅಂದರೆ, ಬಹಳ ಹಿಂದೆ ಇವೆರಡೂ ಅಕ್ಕಪಕ್ಕದಲ್ಲೇ ಇದ್ದವು. ಮೃತ ಸಮುದ್ರದ ಗುಂಟ ಸಾಗುವ ಭೂಮಿಯ ಬಿರುಕು ಕೋಟಿಗೂ ಹೆಚ್ಚು ವರ್ಷಗಳಲ್ಲಿ ಸರಿಯುತ್ತಾ ಸರಿಯುತ್ತಾ ಅಣ್ಣತಮ್ಮಂದಿರ ಹೊಲದ ಹಾಗೆ ಎರಡನ್ನೂ ಬೇರೆ ಮಾಡಿತು.

ಇಲ್ಲಿ ಟಿಕೆಟ್ ಕೌಂಟರೂ ಇಲ್ಲ, ಕೆರೆಯೂ ಇಲ್ಲ. ಇರುವುದು ನೆಲ. ನನ್ನ ಮೊದಲನೇ ಅಳತೆಗೋಲಿಗೆ ಪೂರ್ತಿ ಅಂಕ ಸಿಗುವುದು ಇಲ್ಲಿ ಮಾತ್ರ. ಫೈನಾನ್ ಕಣಿವೆಯ ಬಾಯಲ್ಲಿ ಹನ್ನೊಂದು ಸಾವಿರ ವರ್ಷಕ್ಕೂ ಹಳೆಯ ಊರೊಂದರ ಅವಶೇಷ ಇದೆ. ಆಗಿನ ಜನ ಹಸಿರು ಅದಿರನ್ನು ಕರಗಿಸುತ್ತಿರಲಿಲ್ಲ, ಮಣಿ ಮಾಡಿಕೊಳ್ಳುತ್ತಿದ್ದರು. ಕಂಚಿನ ಯುಗದ ಶುರುವಿನ ತಾಮ್ರದ ಕಾರ್ಖಾನೆ ಒಂದು ಕಡೆ. ಕಬ್ಬಿಣ ಯುಗದ ಖಿರ್ಬತ್ ಅನ್-ನಹಾಸ್ ಇನ್ನೊಂದು ಕಡೆ. ಆ ಹೆಸರಿನ ಅರ್ಥವೇ ತಾಮ್ರದ ಹಾಳೂರು. ಸುಮಾರು 10 ಹೆಕ್ಟೇರ್ ಜಾಗ, ಪೂರ್ತಿ ಕಪ್ಪು. ಥಾಮಸ್ ಲೆವಿ ಮತ್ತು ಮೊಹಮ್ಮದ್ ನಜ್ಜರ್ ಅವರ ತಂಡ ಅಲ್ಲಿ ಅಗೆದಾಗ ಕಿಟ್ಟದ ರಾಶಿ 6 ಮೀಟರಿಗೂ ಜಾಸ್ತಿ ಆಳ ಇಳಿಯಿತು. ಎರಡು ಅಂತಸ್ತಿನ ಮನೆಯಷ್ಟು ಕಸ! ಕೆಳಗಿನ ಪದರದಿಂದ ಮೇಲಿನವರೆಗೆ ಇದ್ದಿಲು ತೆಗೆದು ಕಾಲ ಕಟ್ಟಿದರು. ಇಲ್ಲೂ ಕ್ರಿ.ಪೂ. 10, 9ನೇ ಶತಮಾನಗಳ ಕೆಲಸವೇ ಹೆಚ್ಚು.

ಅದಾದ ಮೇಲೆ ರೋಮನ್ನರು. ಆಗ ಇದರ ಹೆಸರು ಫೈನೊ. ಶಿಕ್ಷೆಯಾದವರನ್ನು ಗಣಿಗೆ ಅಟ್ಟುವುದು ರೋಮನ್ನರ ರೂಢಿ. ಚಕ್ರವರ್ತಿ ಡಯೋಕ್ಲೀಷಿಯನ್ ಶುರು ಮಾಡಿದ ಹಿಂಸೆಯ ಕಾಲದಲ್ಲಿ ಕ್ರೈಸ್ತರನ್ನು ಇಲ್ಲಿಗೆ ಕಳಿಸಿದ್ದನ್ನು ಅದೇ ಕಾಲದ ಕ್ರೈಸ್ತ ಇತಿಹಾಸಕಾರ ಯೂಸೀಬಿಯಸ್ ಬರೆದಿಟ್ಟಿದ್ದಾನೆ. ತಿಮ್ನಾದಲ್ಲಿ ಗುಲಾಮರ ಕಥೆ ಸುಳ್ಳಾಯಿತು, ಇಲ್ಲಿ ಅದು ನಿಜ. ಖಿರ್ಬತ್ ಫೈನಾನ್ ಸುತ್ತಿನ ಮಣ್ಣಿನಲ್ಲಿ ಇವತ್ತಿಗೂ ತಾಮ್ರ, ಸೀಸ ಮಾಮೂಲಿಗಿಂತ ಜಾಸ್ತಿ ಇದೆ.

ಸರ್ವೆಯ ವಿಷಯದಲ್ಲೂ ಫೈನಾನ್ ಶ್ರೀಮಂತ. 1980ರ ದಶಕದಿಂದ ಜರ್ಮನಿಯ ಬೋಖುಮ್ ಗಣಿ ಮ್ಯೂಸಿಯಂನ ಆಂಡ್ರಿಯಾಸ್ ಹೌಪ್ಟ್‌ಮನ್ ಕಿಟ್ಟ, ಅದಿರು ಎರಡನ್ನೂ ಲ್ಯಾಬಿನಲ್ಲಿ ಪರೀಕ್ಷೆ ಮಾಡಿದರು. ಇಡೀ ಪ್ರದೇಶದಲ್ಲಿ ಒಂದೂವರೆಯಿಂದ ಎರಡು ಲಕ್ಷ ಟನ್ ಕಿಟ್ಟ ಇದೆ ಅನ್ನುವುದು ಅಂದಾಜು. ಗ್ರೇಮ್ ಬಾರ್ಕರ್ ಮತ್ತು ಜೊತೆಗಾರರು ಗಣಿಯನ್ನಷ್ಟೇ ನೋಡದೆ ಹೊಲ, ಬದು, ನೀರಿನ ಕಾಲುವೆ, ಗೋರಿ ಎಲ್ಲವನ್ನೂ ನಡೆದು ದಾಖಲಿಸಿದರು. ಗಣಿಯವರೂ ಉಣ್ಣಬೇಕಲ್ವಾ? ಅವರಿಗೆ ಬಾರ್ಲಿ, ಗೋಧಿ ಎಲ್ಲಿಂದ ಬರುತ್ತಿತ್ತು ಅಂತ ಕೇಳಿದ ಸರ್ವೆ ಅದು. ಫೈನಾನ್‌ನ ಬದುಗಳ ಮೇಲೆ ನಿಂತಾಗ ನನಗೆ ನಮ್ಮೂರ ಕಡೆಯ ಒಣ ಹೊಲಗಳೇ ನೆನಪಾದವು.

ತಲುಪುವ ದಾರಿ ಎರಡು. ದಾನಾ ಹಳ್ಳಿಯಿಂದ ಕಣಿವೆ ಹಿಡಿದು ಸುಮಾರು 14 ಕಿಲೋಮೀಟರ್ ಇಳಿಯುವುದು ಒಂದು. ಇಳಿಜಾರೇ ಆದರೂ ಮಂಡಿ ನೋವಿದ್ದವರು ಯೋಚಿಸಿ. ಇನ್ನೊಂದು, ಅರಬಾ ಕಡೆಯಿಂದ ಜೀಪಿನಲ್ಲಿ. ಉಳಿಯಲು ಇರುವ ಫೈನಾನ್ ಇಕೋಲಾಡ್ಜ್ ಸೋಲಾರ್‌ನಲ್ಲಿ ನಡೆಯುತ್ತದೆ, ರಾತ್ರಿ ಮೇಣದ ಬತ್ತಿಯ ಬೆಳಕು. ಚೆನ್ನಾಗಿದೆ, ಆದರೆ ಅಗ್ಗವಲ್ಲ. ಕೈ ಹಿಡಿತ ಇರುವವರು ದಾನಾ ಹಳ್ಳಿಯ ಸಣ್ಣ ಹೋಟೆಲಿನಲ್ಲಿ ಉಳಿದು, ಬೆಡೂಯಿನ್ (ಅಲ್ಲಿನ ಮರುಭೂಮಿಯ ಬುಡಕಟ್ಟಿನ) ಗೈಡ್ ಮತ್ತು ಜೀಪು ಮಾತಾಡಿಕೊಳ್ಳುವುದು ವಾಸಿ. ಗೈಡ್ ಇಲ್ಲದೆ ಹೋದರೆ ನಹಾಸ್ ಸಿಗುವುದೇ ಕಷ್ಟ. ಸಿಕ್ಕರೂ ಏನು ನೋಡುತ್ತಿದ್ದೀವಿ ಅಂತ ಗೊತ್ತಾಗುವುದಿಲ್ಲ.

ಅಲ್ಲಿಗೆ ಹೋಗುವವರಿಗೆ ಒಂದು ಕಿವಿಮಾತು. ಕಿಟ್ಟದ ಚೂರಿನ ಅಳತೆ ನೋಡಿ. ಅಡಿಕೆ ಗಾತ್ರಕ್ಕೆ ಕುಟ್ಟಿದ ಚೂರುಗಳಿದ್ದರೆ ಅದು ಹಳೆ ಕಾಲದ್ದಿರಬಹುದು. ಕಿಟ್ಟದೊಳಗೆ ಸಿಕ್ಕಿಕೊಂಡ ತಾಮ್ರದ ಕಾಳುಗಳನ್ನು ಕುಟ್ಟಿ ಕುಟ್ಟಿ ಆರಿಸುತ್ತಿದ್ದರು. ರೊಟ್ಟಿ ಹಾಗೆ ಅಗಲವಾಗಿ ಹರಿದು ಗಟ್ಟಿಯಾದ ದಪ್ಪ ತುಂಡುಗಳಿದ್ದರೆ ಕಬ್ಬಿಣ ಯುಗದ್ದೋ, ಇನ್ನೂ ಈಚಿನದ್ದೋ. ಆ ಹೊತ್ತಿಗೆ ಕಿಟ್ಟವನ್ನು ಕುಲುಮೆಯಿಂದ ನೀರಿನ ಹಾಗೆ ಹರಿಸಲು ಕಲಿತಿದ್ದರು. ಇಷ್ಟು ಗೊತ್ತಿದ್ದರೆ ಫಲಕ ಇಲ್ಲದ ಕಡೆಯೂ ನೆಲ ಮಾತಾಡುತ್ತದೆ.

ಒಮಾನ್: ಗಲ್ಫ್‌ನಲ್ಲಿರುವ ನಮ್ಮವರಿಗೆ

ಮಸ್ಕತ್, ದುಬೈಗಳಲ್ಲಿರುವ ಕನ್ನಡಿಗರು ವಾರದ ರಜೆಗೆ ಇಲ್ಲಿಗೆ ಹೋಗಿ ಬರಬಹುದು. ಖರ್ಚು ಅಂದರೆ ಪೆಟ್ರೋಲು, ಒಂದು ರಾತ್ರಿಯ ರೂಮು. ದುಬೈನವರು ಒಮಾನ್ ವೀಸಾ ನಿಯಮ ನೋಡಿಕೊಂಡರೆ ಆಯಿತು.

ಹಜರ್ ಬೆಟ್ಟ ಅಂದರೆ ಒಂದು ಕಾಲದ ಸಮುದ್ರದ ತಳ, ಮೇಲೆದ್ದು ಬೆಟ್ಟವಾಗಿದೆ. ಅದರಲ್ಲಿ ತಾಮ್ರ. ಕ್ರಿ.ಪೂ. 3ನೇ ಸಹಸ್ರಮಾನದ ಮೆಸೊಪೊಟೇಮಿಯಾದ ಬರಹಗಳಲ್ಲಿ ಬರುವ ಮಗನ್ ದೇಶ ಇದೇ ಕಡೆಯದು ಅಂತ ವಿದ್ವಾಂಸರು ಒಪ್ಪಿಕೊಂಡಿದ್ದಾರೆ. ಮೆಲುಹ್ಹ, ಮಗನ್, ದಿಲ್ಮುನ್ ದೇಶಗಳ ಹಡಗುಗಳು ನನ್ನ ದಕ್ಕೆಗೆ ಬರುತ್ತವೆ ಅಂತ ಮೆಸೊಪೊಟೇಮಿಯಾದ ಅಕ್ಕಾಡಿನ ರಾಜ ಸಾರ್ಗಾನ್ ಕೊಚ್ಚಿಕೊಂಡಿದ್ದ. ಮೆಲುಹ್ಹ ಅಂದರೆ ಸಿಂಧೂ ಕಣಿವೆ ಅನ್ನುವುದು ಹೆಚ್ಚಿನವರ ಮಾತು. ಒಮಾನಿನ ಕರಾವಳಿಯ ರಾಸ್ ಅಲ್ ಜಿನ್ಸ್‌ನಲ್ಲಿ ಹರಪ್ಪದ ಮಡಕೆ ಚೂರುಗಳೂ ಸಿಕ್ಕಿವೆ. 2005ರಲ್ಲಿ ಆ ಕಾಲದಂತೆಯೇ ಜೊಂಡು ಕಟ್ಟಿ ಮಾಡಿದ ದೋಣಿಯೊಂದು ಸೂರ್ ಬಂದರಿನಿಂದ ಗುಜರಾತಿನ ಮಾಂಡವಿಗೆ ಹೊರಟಿತ್ತು. ಹೊರಟ ಸ್ವಲ್ಪ ಹೊತ್ತಿಗೇ ನೀರು ನುಗ್ಗಿ ಮುಳುಗಿತು. ಜನ ಬದುಕಿಕೊಂಡರು. ಹಳಬರು ನಮಗಿಂತ ಚೆನ್ನಾಗಿ ದೋಣಿ ಕಟ್ಟುತ್ತಿದ್ದರು ಅಂತಾಯಿತು.

ಇಲ್ಲಿ ಸರ್ವೆಗೆ ಬುನಾದಿ ಹಾಕಿದವರೂ ಬೋಖುಮ್ ಮ್ಯೂಸಿಯಂನವರೇ, ಗೆರ್ಡ್ ವೈಸ್‌ಗೆರ್ಬರ್. ಮೈಸರ್ ಎಂಬಲ್ಲಿ ಕುಲುಮೆಯ ಜೊತೆಗೆ ಬನ್ನಿನ ಆಕಾರದ ತಾಮ್ರದ ಗಟ್ಟಿಗಳೂ ಅವರಿಗೆ ಸಿಕ್ಕವು. ಆದರೆ ನೋಡುಗರ ಕಡೆಯಿಂದ ಒಂದು ತೊಡಕಿದೆ. ಕಂಚಿನ ಯುಗದ ಕೆಲಸದ ಮೇಲೆ 9, 10ನೇ ಶತಮಾನದ ಇಸ್ಲಾಮಿಕ್ ಕಾಲದವರು ಬಂದು ದೊಡ್ಡ ಪ್ರಮಾಣದಲ್ಲಿ ಕರಗಿಸಿದರು. ಸೊಹಾರ್ ಊರಿನ ಹಿಂದಿನ ವಾದಿ ಜಿಜ್ಜಿ (ವಾದಿ ಅಂದರೆ ಮಳೆ ಬಂದಾಗ ಮಾತ್ರ ಹರಿಯುವ ಹೊಳೆಯ ಕಣಿವೆ) ಕಡೆ ಕಾಣುವ ಕರಿ ರಾಶಿಗಳು ಹೆಚ್ಚಾಗಿ ಅವರವೇ. ಅದರ ಮೇಲೆ 1980ರ ದಶಕದಲ್ಲಿ ಹೊಸ ಗಣಿ ಕಂಪನಿ ಆ ಕಡೆಯ ಲಸೈಲ್ ಎಂಬಲ್ಲಿ ಅಗೆಯಿತು. ಹಾಗಾಗಿ ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಅಂತ ಬಿಡಿಸುವುದು ಕಷ್ಟ. ಫಲಕವೂ ಇಲ್ಲ.

ನಾನು ಮೊದಲ ಸಲ ಹೋದಾಗ ಜೀಪು ಕಳಿಸುತ್ತೇವೆ ಅಂದವರು ಸಣ್ಣ ಕಾರು ಕಳಿಸಿದ್ದರು. ವಾದಿಯ ಜಲ್ಲಿಯಲ್ಲಿ ಚಕ್ರ ಹೂತು, ಅರ್ಧ ದಿನ ಅಲ್ಲೇ ಕಳೆಯಿತು. ಕೊನೆಗೆ ಎಳೆದು ಬಿಟ್ಟವರು ಮೇಕೆ ಕಾಯುವ ಅಜ್ಜ ಮತ್ತು ಅವರ ಪಿಕಪ್. ಬುಕ್ ಮಾಡುವಾಗ ಗಾಡಿಯ ಫೋಟೊ ತರಿಸಿಕೊಳ್ಳಿ. ಜೊತೆಗೆ ಯುನೆಸ್ಕೊ ಪಟ್ಟಿಯಲ್ಲಿರುವ ಬಾತ್, ಅಲ್ ಐನ್ ಗೋರಿಗಳನ್ನೂ ಸೇರಿಸಿಕೊಂಡರೆ ಪ್ರವಾಸ ತುಂಬುತ್ತದೆ. ತಾಮ್ರದ ದುಡ್ಡು ಬಂದ ಕಾಲದಲ್ಲೇ ಕಟ್ಟಿದ ಗೋರಿಗಳು ಅವು.

ಸೆರಾಬಿತ್: ಅಕ್ಷರ ಪ್ರೀತಿಸುವವರಿಗೆ

ಇಲ್ಲಿ ತಾಮ್ರಕ್ಕಿಂತ ಹಸಿರುನೀಲಿ ಬಣ್ಣದ ರತ್ನದ ಬೇಟೆ, ಇಂಗ್ಲಿಷಿನವರು ಟರ್ಕ್ವಾಯ್ಸ್ ಅನ್ನುವ ಕಲ್ಲು. ಬೆಟ್ಟದ ಮೇಲೆ ಹಾಥೊರ್ ಗುಡಿ, ಸುತ್ತ ಶಾಸನದ ಕಲ್ಲುಗಳು ನಮ್ಮ ವೀರಗಲ್ಲುಗಳ ಹಾಗೆ ನಿಂತಿವೆ. ಯಾವ ರಾಜನ ಕಾಲದಲ್ಲಿ, ಯಾವ ಅಧಿಕಾರಿ ಬಂದ ಅಂತೆಲ್ಲ ಕೆತ್ತಿಟ್ಟಿದ್ದಾರೆ. ಕಾಲ ಕಟ್ಟಲು ಕಿಟ್ಟ ಹುಡುಕುವ ಕೆಲಸವೇ ಇಲ್ಲ.

1905ರಲ್ಲಿ ಇಂಗ್ಲೆಂಡಿನ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಇಲ್ಲಿ ಕೆಲಸ ಮಾಡುವಾಗ ಓದಲಾಗದ ಗೀಚುಗಳು ಸಿಕ್ಕವು. 1916ರಲ್ಲಿ ಅಲನ್ ಗಾರ್ಡಿನರ್ ಒಂದು ಪುಟ್ಟ ಸ್ಫಿಂಕ್ಸ್ (ಸಿಂಹದ ಮೈ, ಮನುಷ್ಯನ ತಲೆಯ ವಿಗ್ರಹ) ಮೇಲಿನ ಗುರುತುಗಳನ್ನು 'ಬಅಲತ್', ಅಂದರೆ ಒಡತಿ, ಅಂತ ಓದಿದರು. ಚಿತ್ರಲಿಪಿಯನ್ನು ನೋಡಿ, ಅದರ ಗೋಜು ಬಿಟ್ಟು, ಒಂದು ದನಿಗೆ ಒಂದು ಗುರುತು ಮಾಡಿಕೊಂಡವರ ಬರಹ ಅದು. ಅಲ್ಲಿಂದ ಫಿನೀಷಿಯನ್, ಅರಾಮಿಕ್. ಬ್ರಾಹ್ಮಿ ಹುಟ್ಟಿದ್ದು ಅರಾಮಿಕ್‌ನಿಂದ ಅನ್ನುವ ಹಲವು ವಿದ್ವಾಂಸರ ಮಾತು ನಿಜವಾದರೆ, ನೀವು ಈಗ ಓದುತ್ತಿರುವ ಕನ್ನಡ ಅಕ್ಷರದ ಮುತ್ತಜ್ಜಿಯೂ ಈ ಗಣಿಯವಳೇ.

ಆದರೂ ಮೊದಲ ಪ್ರವಾಸಕ್ಕೆ ನಾನು ಇದನ್ನು ಹೇಳುವುದಿಲ್ಲ. ದೂರ, ಬೆಟ್ಟ ಹತ್ತಬೇಕು, ಸ್ಥಳೀಯ ಬೆಡೂಯಿನ್ ಗೈಡ್ ಬೇಕೇ ಬೇಕು, ಸೈನಾಯ್‌ನಲ್ಲಿ ಓಡಾಟದ ಅನುಮತಿ ಆಗಾಗ ಬದಲಾಗುತ್ತದೆ. ಆ ಸ್ಫಿಂಕ್ಸ್ ನೋಡಬೇಕು ಅಂದರೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಹೋಗಬೇಕು, ಅಲ್ಲಿಗಲ್ಲ.

ಜಾವರ್: ಪಾಸ್‌ಪೋರ್ಟ್ ಬೇಡ

ಮೇಷ್ಟ್ರೇ, ಇದು ನಿಮಗೆ. ಮೈಸೂರು, ಬೆಂಗಳೂರು ಕಡೆಯಿಂದ ಉದಯಪುರಕ್ಕೆ ವಾರಕ್ಕೊಮ್ಮೆ ನೇರ ರೈಲಿದೆ. ಉದಯಪುರದಿಂದ ದಕ್ಷಿಣಕ್ಕೆ ನಲವತ್ತು ಕಿಲೋಮೀಟರ್ ಆಸುಪಾಸು.

ಇಲ್ಲಿ ತೆಗೆದದ್ದು ಸತು. ಸತು ತೆಗೆಯುವುದು ತಾಮ್ರದಷ್ಟು ಸುಲಭವಲ್ಲ. ಅದಿರಿನಿಂದ ಬಿಡಿಸಬೇಕಾದರೆ 1,000 ಡಿಗ್ರಿ ದಾಟಬೇಕು, ಸತು 907 ಡಿಗ್ರಿಗೇ ಆವಿಯಾಗಿ ಹೋಗುತ್ತದೆ. ಗಾಳಿ ತಾಗಿದರೆ ಮತ್ತೆ ಬೂದಿ. ಜಾವರ್‌ನವರು ಬದನೆಕಾಯಿ ಆಕಾರದ ಮಣ್ಣಿನ ಮೂಸೆಗೆ ಅದಿರು ತುಂಬಿ, ತೊಟ್ಟಿನ ಹಾಗೆ ಕೊಳವೆ ಸಿಕ್ಕಿಸಿ, ತಲೆಕೆಳಗಾಗಿ ಕುಲುಮೆಯಲ್ಲಿ ನಿಲ್ಲಿಸಿದರು. ಒಂದು ಕುಲುಮೆಗೆ 36 ಮೂಸೆ. ಮೇಲೆ ಬೆಂಕಿ, ಕೆಳಗೆ ತಂಪು. ಆವಿ ಕೆಳಗಿಳಿದು ಸತುವಾಗುತ್ತಿತ್ತು. ಸಂಸ್ಕೃತದ ರಸಶಾಸ್ತ್ರ ಗ್ರಂಥದಲ್ಲೂ ಇದಕ್ಕೆ ವೃಂತಾಕ ಮೂಷೆ ಅಂತಲೇ ಹೆಸರು, ಅಂದರೆ ಬದನೆ ಮೂಸೆ! ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ಚಾಂಪಿಯನ್ ಹೀಗೇ ಕೆಳಮುಖವಾಗಿ ಸತು ಇಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ, ಇಲ್ಲಿ ಶತಮಾನಗಳ ಹಿಂದೆಯೇ ಸಾಗಿತ್ತು. 1980ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂ, ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯ, ಹಿಂದೂಸ್ತಾನ್ ಜಿಂಕ್ ಸೇರಿ ಸರ್ವೆ ಮಾಡಿದಾಗ ಮೂಸೆಗಳು ಕುಲುಮೆಯಲ್ಲಿ ಇಟ್ಟ ಹಾಗೇ ಸಿಕ್ಕವು.

ನೋಡಲು ಏನಿದೆ ಅಂದರೆ, ಗುಡ್ಡದ ಇಳಿಜಾರಿನ ತುಂಬ ಬಳಸಿ ಬಿಸಾಡಿದ ಮೂಸೆಗಳು. ಅವನ್ನೇ ಇಟ್ಟಿಗೆಯ ಹಾಗೆ ಪೇರಿಸಿ ಕಟ್ಟಿದ ಹಳೆ ಗೋಡೆಗಳೂ ಇವೆ. ಗಣಿಯ ಒಳಗೆ ಮಾತ್ರ ಬಿಡುವುದಿಲ್ಲ. ಅದು ಇವತ್ತಿಗೂ ಕೆಲಸ ನಡೆಯುವ ಗಣಿ ಪ್ರದೇಶ, ಕೆಲವು ಕಡೆ ಓಡಾಡಲೂ ಅನುಮತಿ ಬೇಕು. ನಮ್ಮ ರಾಯಚೂರಿನ ಹಟ್ಟಿಯಲ್ಲೂ ಇದೇ ತೊಡಕು. ಅಲ್ಲೂ ಸುಮಾರು ಎರಡು ಸಾವಿರ ವರ್ಷ ಹಿಂದೆಯೇ ಚಿನ್ನ ತೆಗೆದಿದ್ದರು, ಆದರೆ ಈಗಲೂ ನಡೆಯುವ ಗಣಿಯಾದ್ದರಿಂದ ಸುಮ್ನೆ ಹೋಗಿ ನೋಡಿ ಬರೋಕೆ ಆಗಲ್ಲ.

ಹಾಗಾದರೆ ಯಾವುದು?

ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದು, ಒಂದು ದಿನದಲ್ಲಿ ಮುಗಿಯಬೇಕು ಅಂದರೆ ತಿಮ್ನಾ. ದುಬೈನ ಸ್ನೇಹಿತನಿಗೆ ಎರಡು ದಿನ ಇದೆ, ನಡೆಯುವ ಹುಚ್ಚೂ ಇದೆ. ಅವನು ಗಡಿ ದಾಟುವ ರಗಳೆ ಬಿಟ್ಟು ಫೈನಾನ್‌ಗೇ ಹೋಗಲಿ. ನನ್ನದೂ ಅದೇ ಆಯ್ಕೆ. ವಾರದ ರಜೆ ಮಾತ್ರ ಇದ್ದರೆ ಒಮಾನ್, ಆದರೆ ಮೊದಲು ಮಸ್ಕತ್‌ನ ನ್ಯಾಷನಲ್ ಮ್ಯೂಸಿಯಂಗೆ ಹೋಗಿ ಬನ್ನಿ, ಇಲ್ಲದಿದ್ದರೆ ಬೆಟ್ಟದಲ್ಲಿ ಏನೂ ಹೊಳೆಯದು. ದುಡ್ಡು ಕಮ್ಮಿ, ಕುತೂಹಲ ಜಾಸ್ತಿ ಅನ್ನುವವರಿಗೆ ಜಾವರ್‌ಗೆ ಸಾಟಿ ಇಲ್ಲ. ಒಂದು ಮೂಸೆ ಮುಂದಿಟ್ಟುಕೊಂಡು ಹೈಸ್ಕೂಲ್ ಮಕ್ಕಳಿಗೆ ಒಂದಿಡೀ ಪಾಠ ಮಾಡಬಹುದು. ಸೆರಾಬಿತ್ ಎರಡನೇ ಸಲಕ್ಕೆ ಇರಲಿ.

ಎಲ್ಲಿಗೆ ಹೋದರೂ ನವೆಂಬರಿನಿಂದ ಫೆಬ್ರವರಿ ಒಳಗೆ ಹೋಗಿ. ಮಳೆಯ ಮುನ್ಸೂಚನೆ ಇದ್ದ ದಿನ ಮರುಭೂಮಿಯ ವಾದಿಗೆ ಇಳಿಯಬೇಡಿ. ಆಕಾಶ ತಿಳಿಯಾಗಿದ್ದರೂ ಮೇಲಿನ ಬೆಟ್ಟದಲ್ಲಿ ಬಿದ್ದ ನೀರು ನಿಮಿಷಗಳಲ್ಲಿ ಬರುತ್ತದೆ. ಮರಳು ತುಂಬಿದ ದುಂಡನೆ ಗುರುತುಗಳ ಮೇಲೆ ಕಾಲಿಡಬೇಡಿ, ಅಡಿಯಲ್ಲಿ ಬಾವಿ ಇರಬಹುದು. ಕಿಟ್ಟದ ಚೂರು, ಮೂಸೆಯ ತುಂಡು ಯಾವುದನ್ನೂ ಜೇಬಿಗೆ ಹಾಕಿಕೊಳ್ಳಬೇಡಿ. ಕಾನೂನಿನ ಮಾತು ಒಂದು ಕಡೆ ಇರಲಿ, ಆ ಚೂರು ಎಲ್ಲಿ ಬಿದ್ದಿತ್ತು ಅನ್ನುವುದೇ ಮುಂದಿನ ಸರ್ವೆಯವರಿಗೆ ಬೇಕಾದ ವಿಷಯ. ಜಾಗ ಬಿಟ್ಟ ಮೇಲೆ ಅದು ಬರೀ ಕರಿಕಲ್ಲು. ಫೋಟೊ ತೆಗೆಯುವಾಗ ಪಕ್ಕಕ್ಕೆ ಒಂದು ನಾಣ್ಯ ಇಡಿ, ಅಳತೆ ಗೊತ್ತಾಗುತ್ತದೆ. ಆ ಚಿತ್ರ ನನಗೂ ಕಳಿಸಿ, ಅಡಿಕೆ ಗಾತ್ರದ್ದೋ ರೊಟ್ಟಿ ಗಾತ್ರದ್ದೋ ನೋಡೋಣ.